ಮಾತ್ರೆಯ ಜೊತೆ ಮುಂದಿನ ಪರೀಕ್ಷೆಯ ದಿನವನ್ನೂ ಬರೆಸಿಕೊಳ್ಳಿ

ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು, ಅವರ ಮನೆಯವರು ಮತ್ತು ಆಶಾ ಕಾರ್ಯಕರ್ತೆಯರಿಗಾಗಿ ಚಿಕ್ಕಮಗಳೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ

ಮನೆಯಲ್ಲಿರುವ ಹಳೆಯ ಚೀಟಿಗಳನ್ನು ಒಮ್ಮೆ ಹರವಿಕೊಂಡು ನೋಡಿ. ‘ಅದೇ ಮಾತ್ರೆ ಮುಂದುವರಿಸಿ’ ಎಂಬ ಸಾಲು ವರ್ಷಗಟ್ಟಲೆ ಬಂದಿರುತ್ತದೆ. ಮಾತ್ರೆ ಅದೇ, ಆದರೆ ಅದನ್ನು ನುಂಗುವ ಮೈ ಮೊದಲಿನಂತೆ ಇರುವುದಿಲ್ಲ. ಐವತ್ತರಲ್ಲಿ ಶುರುವಾದ ಮಾತ್ರೆ ಎಪ್ಪತ್ತು ಮುಟ್ಟುವಷ್ಟರಲ್ಲಿ ಮೂತ್ರಪಿಂಡ ಸೋತಿರುತ್ತದೆ, ತೂಕ ಇಳಿದಿರುತ್ತದೆ, ಮಂಡಿನೋವಿಗೆಂದು ಇನ್ನೊಂದು ಮಾತ್ರೆ ಸೇರಿಕೊಂಡಿರುತ್ತದೆ. ಹಾಗಾಗಿ ಔಷಧಿ ಆರಿಸುವ ಕೆಲಸ ಮೊದಲ ದಿನಕ್ಕೇ ಮುಗಿಯುವುದಿಲ್ಲ. ಪ್ರತಿ ಸಲ ಪರೀಕ್ಷೆಯ ವರದಿ ಕೈಗೆ ಬಂದಾಗಲೂ ಅದನ್ನು ಮತ್ತೆ ಆರಿಸಬೇಕು.

ತೆಗೆದುಕೊಳ್ಳುವ ಪ್ರತಿ ಮಾತ್ರೆಯ ಬಗ್ಗೆ ಮೂರು ವಿಷಯ ನಿಮಗೆ ಗೊತ್ತಿರಲಿ. ಅದು ಕೆಲಸ ಮಾಡುತ್ತಿದೆ ಎಂದು ಯಾವ ಅಂಕಿ ಹೇಳುತ್ತದೆ? ಅದು ತೊಂದರೆ ಕೊಡುತ್ತಿದೆ ಎಂದು ಯಾವ ಲಕ್ಷಣ ಅಥವಾ ಪರೀಕ್ಷೆ ಹೇಳುತ್ತದೆ? ಆ ಪರೀಕ್ಷೆ ಯಾವ ತಾರೀಕಿಗೆ? ಮೂರನೆಯದು ಚೀಟಿಯಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ಕೇಳಿ ಬರೆಸಿಕೊಳ್ಳಿ. ಡಾಕ್ಟರು ಬೇಸರ ಮಾಡಿಕೊಂಡಾರು ಎಂಬ ಹಿಂಜರಿಕೆ ಬೇಡ, ಇದು ಕೇಳಲೇಬೇಕಾದ ಪ್ರಶ್ನೆ.

ಮೊದಲು ಅಳತೆ ಸರಿಯಿರಲಿ

ಬಸ್ಸಿಳಿದು, ಮೆಟ್ಟಿಲು ಹತ್ತಿ, ಸರದಿಯಲ್ಲಿ ನಿಂತು, ಕೂತ ಕೂಡಲೇ ಕೈಗೆ ಪಟ್ಟಿ ಸುತ್ತಿಸಿಕೊಂಡರೆ ಬರುವ ಅಂಕಿ ಆ ಗಡಿಬಿಡಿಯ ಬಿಪಿ. ಅದನ್ನು ನೋಡಿ ಮಾತ್ರೆ ಏರಿಸಿದರೆ ಮನೆಯಲ್ಲಿ ತಲೆ ಸುತ್ತಿ ಬೀಳುವ ಸಂಭವವಿದೆ. ಸರಿಯಾಗಿ ಅಳೆಯುವುದು ಹೀಗೆ. ಅರ್ಧ ಗಂಟೆ ಮೊದಲಿಂದ ಕಾಫಿ, ಬೀಡಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಎರಡೂ ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ, ಕಾಲ ಮೇಲೆ ಕಾಲು ಹಾಕಬೇಡಿ. ಕೈ ಮೇಜಿನ ಮೇಲೆ ಎದೆಯ ಮಟ್ಟದಲ್ಲಿರಲಿ. ಇಳಿಬಿಟ್ಟ ಕೈಯಲ್ಲಿ ಅಂಕಿ ಹೆಚ್ಚು ತೋರಿಸುತ್ತದೆ. ಪಟ್ಟಿಯನ್ನು ಸ್ವೆಟರಿನ ಮೇಲೆ ಸುತ್ತಬಾರದು, ಬರಿ ತೋಳಿಗೆ ಸುತ್ತಬೇಕು. ಪಟ್ಟಿಯೊಳಗಿನ ಗಾಳಿ ಚೀಲ ತೋಳಿನ ಸುತ್ತಳತೆಯ ಸುಮಾರು ಶೇಕಡಾ 80 ಭಾಗ ಬಳಸಿಕೊಳ್ಳಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣುತ್ತದೆ. ಅಳೆಯುವಾಗ ಮಾತಾಡಬಾರದು, ಪಕ್ಕದಲ್ಲಿರುವವರೂ ಮಾತಾಡಿಸಬಾರದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆದಿಡಿ.

ಮನೆಯಲ್ಲಿ ಯಂತ್ರವಿದ್ದರೆ ಡಾಕ್ಟರ ಬಳಿ ಹೋಗುವ ಮುಂಚಿನ ಏಳು ದಿನ ಅಳೆಯಿರಿ. ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಆಸ್ಪತ್ರೆಯಲ್ಲಿ 140/90 ಗಡಿಯಾದರೆ ಮನೆಯ ಅಳತೆಗೆ 135/85 ಗಡಿ. ಎಪ್ಪತ್ತು ದಾಟಿದವರಿಗೆ ಇನ್ನೂ ಒಂದು ಅಳತೆ ಬೇಕು: ಎದ್ದು ನಿಂತು ಒಂದನೇ ಮತ್ತು ಮೂರನೇ ನಿಮಿಷದಲ್ಲಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಮಾತ್ರೆ ಏರಿಸುವ ಮುನ್ನ ಡಾಕ್ಟರು ಯೋಚಿಸಬೇಕಾಗುತ್ತದೆ. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವ ಹಿರಿಯರಲ್ಲಿ ಈ ಇಳಿತ ಹೆಚ್ಚು. ರಾತ್ರಿ ಮೂತ್ರಕ್ಕೆಂದು ಎದ್ದು ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯುವುದು ಹೀಗೆಯೇ.

ಬಿಪಿ ಮಾತ್ರೆಗಳು: ಯಾವುದಕ್ಕೆ ಏನು ನೋಡಬೇಕು

ಹೆಚ್ಚಿನವರಿಗೆ ಶುರುವಾಗುವುದು ಅಮ್ಲೋಡಿಪಿನ್ 5 ಮಿ.ಗ್ರಾಂ ಅಥವಾ ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಎರಡೂ ಒಳ್ಳೆಯ ಔಷಧಿಗಳೇ, ನೋಡಿಕೊಳ್ಳಬೇಕಾದದ್ದು ಮಾತ್ರ ಬೇರೆ ಬೇರೆ.

ಅಮ್ಲೋಡಿಪಿನ್ ಮೈಯಿಂದ ಬಹಳ ನಿಧಾನ ಹೊರಹೋಗುತ್ತದೆ. ರಕ್ತದಲ್ಲಿ ಅದರ ಮಟ್ಟ ನೆಲೆಗೆ ಬರಲು ವಾರ ಬೇಕು. ಮೂರು ದಿನ ತಿಂದು ‘ಬಿಪಿ ಇಳಿಯಲಿಲ್ಲ’ ಎಂದು ಎರಡು ಮಾತ್ರೆ ನುಂಗುವುದು ತಪ್ಪು. ಇದಕ್ಕೆ ರಕ್ತ ಪರೀಕ್ಷೆ ಬೇಕಿಲ್ಲ, ಸಂಜೆ ಪಾದದ ಗಂಟು ನೋಡಿಕೊಂಡರೆ ಸಾಕು. 10 ಮಿ.ಗ್ರಾಂಗೆ ಏರಿಸಿದಾಗ ಕಾಲು ಊದುವುದು ಸಾಮಾನ್ಯ. ಆಗ ಕೆಲವರಿಗೆ ಮೂತ್ರ ಹೋಗಿಸುವ ಮಾತ್ರೆ ಸೇರಿಸುತ್ತಾರೆ. ಈ ಊತ ಅದಕ್ಕೆ ಬಗ್ಗುವುದು ಕಡಿಮೆ, ಏಕೆಂದರೆ ಇದು ಮೈಯಲ್ಲಿ ಉಪ್ಪುನೀರು ಕಟ್ಟಿಕೊಂಡು ಬಂದದ್ದಲ್ಲ, ಸಣ್ಣ ರಕ್ತನಾಳ ಹಿಗ್ಗಿ ನೀರು ಸೋರಿದ್ದು. ಅಮ್ಲೋಡಿಪಿನ್ ಅನ್ನು 5ಕ್ಕೆ ಇಳಿಸಿ ಟೆಲ್ಮಿಸಾರ್ಟನ್ ಸೇರಿಸಿದರೆ ಊತವೂ ತಗ್ಗುತ್ತದೆ, ಬಿಪಿಯೂ ಹಿಡಿತಕ್ಕೆ ಬರುತ್ತದೆ. ಒಂದೇ ಕಾಲು ಊದಿದ್ದರೆ, ನೋವಿದ್ದರೆ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಅದು ಬೇರೆ ಕಾಯಿಲೆ. ಅದಕ್ಕೆ ಮಾತ್ರೆಯನ್ನು ದೂರುತ್ತಾ ಕೂರಬೇಡಿ, ಕೂಡಲೇ ತೋರಿಸಿ.

ಟೆಲ್ಮಿಸಾರ್ಟನ್, ಲೋಸಾರ್ಟನ್, ಎನಲಪ್ರಿಲ್ ಮತ್ತು ರಾಮಿಪ್ರಿಲ್ ಶುರು ಮಾಡಿದ ಒಂದರಿಂದ ಎರಡು ವಾರದೊಳಗೆ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ರಕ್ತ ಪರೀಕ್ಷೆ) ಮತ್ತು ಪೊಟ್ಯಾಸಿಯಂ ಪರೀಕ್ಷೆ ಆಗಬೇಕು. ಡೋಸ್ ಏರಿಸಿದಾಗಲೂ ಅಷ್ಟೇ. ಕ್ರಿಯಾಟಿನಿನ್ ಮೊದಲಿದ್ದಕ್ಕಿಂತ ಶೇಕಡಾ 30ರವರೆಗೆ ಏರಿ ನಿಂತರೆ ಹೆದರಿ ಮಾತ್ರೆ ಬಿಡಬೇಕಿಲ್ಲ. ಅದಕ್ಕಿಂತ ಹೆಚ್ಚಿದರೆ, ಅಥವಾ ಪೊಟ್ಯಾಸಿಯಂ 5.5 ದಾಟಿದರೆ, ಅಂದೇ ಡಾಕ್ಟರಿಗೆ ತಿಳಿಸಬೇಕು. ಎನಲಪ್ರಿಲ್ ತಿನ್ನುವವರಿಗೆ ಒಣ ಕೆಮ್ಮು ಬಂದರೆ ಕೆಮ್ಮಿನ ಸಿರಪ್ ಕುಡಿದು ಏನೂ ಫಲವಿಲ್ಲ, ಟೆಲ್ಮಿಸಾರ್ಟನ್ ಗುಂಪಿಗೆ ಬದಲಾಯಿಸಿಕೊಳ್ಳಬೇಕು. ಮಗು ಬೇಕೆಂದಿರುವ ಹೆಣ್ಣುಮಕ್ಕಳಿಗೆ ಈ ಎರಡೂ ಗುಂಪು (ಟೆಲ್ಮಿಸಾರ್ಟನ್, ಲೋಸಾರ್ಟನ್ ಒಂದು, ಎನಲಪ್ರಿಲ್, ರಾಮಿಪ್ರಿಲ್ ಇನ್ನೊಂದು) ಬೇಡವೇ ಬೇಡ, ಹೊಟ್ಟೆಯಲ್ಲಿರುವ ಮಗುವಿನ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಇದ್ದೇ ಇವೆ. ಬಿಪಿ ಮಾತ್ರೆ ತಿನ್ನುವ ಸೊಸೆಯೋ ಮಗಳೋ ಮನೆಯಲ್ಲಿದ್ದರೆ ಗರ್ಭ ನಿಲ್ಲುವ ಮುಂಚೆಯೇ ಇದನ್ನು ಹೇಳಿ.

ಮೂರನೆಯದು ಕ್ಲೋರ್ಥಾಲಿಡೋನ್, 12.5 ಮಿ.ಗ್ರಾಂ. ಮೂತ್ರ ಹೋಗಿಸುವ ಗುಂಪಿನ, ಅಗ್ಗದ, ಬಲವಾದ ಮಾತ್ರೆ. ವಯಸ್ಸಾದವರಲ್ಲಿ ಸೋಡಿಯಂ ಇಳಿಸುತ್ತದೆ. ಅಜ್ಜಿ ಎರಡು ವಾರದಿಂದ ಮಂಕಾಗಿದ್ದಾರೆ, ಮಾತು ತಡವರಿಸುತ್ತಿದೆ ಎಂದರೆ ಮುಪ್ಪು ಅಂದುಕೊಂಡು ಸುಮ್ಮನಾಗುವ ಮೊದಲು ಸೋಡಿಯಂ ನೋಡಿಸಿ.

ಇನ್ನು ಉಪ್ಪು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಅಷ್ಟೇ. ಮಲೆನಾಡಿನ ಮನೆಯಲ್ಲಿ ಉಪ್ಪು ಸಾರಿನಲ್ಲಿ ಮಾತ್ರ ಇರುವುದಿಲ್ಲ. ಮಿಡಿ ಉಪ್ಪಿನಕಾಯಿ, ಉಪ್ಪಿನಲ್ಲಿಟ್ಟ ಕಳಲೆ, ಹಲಸಿನ ಉಪ್ಪುಸೊಳೆ, ಮಜ್ಜಿಗೆ ಮೆಣಸು, ಹಪ್ಪಳ, ಎಲ್ಲದರಲ್ಲೂ ಇದೆ. ಮಳೆಗಾಲದಲ್ಲಿ ಬಿಪಿ ಏರಿತೆಂದು ಮಾತ್ರೆ ಹೆಚ್ಚಿಸುವ ಮುಂಚೆ ಊಟದ ಎಲೆಯ ತುದಿಯನ್ನು ನೋಡಿಕೊಳ್ಳುವುದು ಒಳ್ಳೆಯದು. ಇದಕ್ಕೆಂದು ‘ಲೋ ಸೋಡಿಯಂ’ ಉಪ್ಪು ತರುವವರು ಒಂದು ಗಮನಿಸಬೇಕು. ಅದರಲ್ಲಿ ಸೋಡಿಯಂನ ಬದಲು ಸೇರಿಸಿರುವುದು ಪೊಟ್ಯಾಸಿಯಂ. ಮೂತ್ರಪಿಂಡ ಸೋತವರು, ಟೆಲ್ಮಿಸಾರ್ಟನ್ ಅಥವಾ ಸ್ಪೈರೊನೊಲ್ಯಾಕ್ಟೋನ್ ತಿನ್ನುವವರು ಅದನ್ನು ಡಾಕ್ಟರನ್ನು ಕೇಳದೆ ಬಳಸಬಾರದು. ದಿನಾ ಎರಡು ಎಳನೀರು ಕುಡಿಯುವ ರೂಢಿಯಿದ್ದರೆ ಅದನ್ನೂ ಹೇಳಿ.

ಎಲ್ಲಕ್ಕಿಂತ ಕೆಟ್ಟ ಜೋಡಿ ಯಾವುದೆಂದರೆ ಬಿಪಿ ಮಾತ್ರೆ ಮತ್ತು ನೋವಿನ ಮಾತ್ರೆ. ಕೊಯ್ಲಿನ ದಿನಗಳಲ್ಲಿ ಸೊಂಟ ಹಿಡಿದಾಗ ಮೆಡಿಕಲ್ ಅಂಗಡಿಯಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಅಥವಾ ಅಸಿಕ್ಲೋಫೆನಾಕ್ ಕೇಳಿ ತರುತ್ತಾರೆ. ಅದು ಬಿಪಿ ಏರಿಸುತ್ತದೆ, ಮೈಯಲ್ಲಿ ನೀರು ನಿಲ್ಲಿಸುತ್ತದೆ. ಟೆಲ್ಮಿಸಾರ್ಟನ್, ಮೂತ್ರ ಹೋಗಿಸುವ ಮಾತ್ರೆ, ನೋವಿನ ಮಾತ್ರೆ, ಈ ಮೂರೂ ಒಟ್ಟಿಗೆ ಸೇರಿದರೆ ಮೂತ್ರಪಿಂಡಕ್ಕೆ ರಕ್ತ ಒಳಬರುವ ದಾರಿಯೂ ಕಿರಿದಾಗಿ, ಒಳಗಿನ ಒತ್ತಡವೂ ಬಿದ್ದು, ಕೆಲವೇ ದಿನದಲ್ಲಿ ಅದು ಕೆಲಸ ನಿಲ್ಲಿಸಬಹುದು. ನೋವಿಗೆ ಪ್ಯಾರಾಸಿಟಮಾಲ್, ಬಿಸಿ ಶಾಖ, ಹಚ್ಚುವ ಮುಲಾಮು ಮೊದಲು. ಔಷಧಿ ಅಂಗಡಿಯವರು ನೋವಿನ ಮಾತ್ರೆ ಕೈಗಿಡುವ ಮುನ್ನ ‘ಬಿಪಿ ಮಾತ್ರೆ ತಗೋತೀರಾ?’ ಎಂದು ಒಂದು ಮಾತು ಕೇಳಿದರೆ ಎಷ್ಟೋ ಮೂತ್ರಪಿಂಡ ಉಳಿಯುತ್ತದೆ.

ಕ್ರಿಯಾಟಿನಿನ್ 1.2 ಎಂದರೆ ಎಷ್ಟು?

ವರದಿಯಲ್ಲಿ ಕ್ರಿಯಾಟಿನಿನ್ 1.2 ಇದೆ, ಪಕ್ಕದಲ್ಲಿ ‘ನಾರ್ಮಲ್’ ಎಂದಿದೆ ಎನ್ನಿ. ಮೂವತ್ತರ ಗಂಡಸಿಗೆ ಅದೇ 1.2ರಿಂದ ಲೆಕ್ಕ ಹಾಕಿದರೆ, ಮೂತ್ರಪಿಂಡ ರಕ್ತವನ್ನು ಎಷ್ಟು ಸೋಸುತ್ತದೆ ಎಂದು ಹೇಳುವ ಅಂಕಿ, ಅಂದರೆ ಇಜಿಎಫ್‌ಆರ್ ಸುಮಾರು 83 ಬರುತ್ತದೆ. ಎಪ್ಪತ್ತರ ಹೆಂಗಸಿಗೆ ಅದೇ 1.2 ಎಂದರೆ ಸುಮಾರು 49. ಅಂದರೆ ಅವರ ಮೂತ್ರಪಿಂಡ ಅರ್ಧದಷ್ಟೇ ದುಡಿಯುತ್ತಿದೆ. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಸೊರಗಿದ ಮೈಯಲ್ಲಿ ಮಾಂಸವೇ ಇಲ್ಲದಾಗ ಅದು ಏರುವುದು ಎಲ್ಲಿಂದ? ಆದ್ದರಿಂದ ಬರಿ ಕ್ರಿಯಾಟಿನಿನ್ ನೋಡಿ ತೃಪ್ತಿಪಡಬೇಡಿ, ಇಜಿಎಫ್‌ಆರ್ ಎಷ್ಟು ಎಂದು ಕೇಳಿ. ಬಹಳಷ್ಟು ಔಷಧಿಗಳ ಡೋಸ್ ನಿಂತಿರುವುದು ಆ ಅಂಕಿಯ ಮೇಲೆ.

ಉದಾಹರಣೆಗೆ ಮೆಟ್‌ಫಾರ್ಮಿನ್. ಇಜಿಎಫ್‌ಆರ್ 45ಕ್ಕಿಂತ ಇಳಿದರೆ ಡೋಸನ್ನು ಅರ್ಧಕ್ಕೆ ತರಬೇಕು, 30ಕ್ಕಿಂತ ಇಳಿದರೆ ನಿಲ್ಲಿಸಬೇಕು. ‘ಮೆಟ್‌ಫಾರ್ಮಿನ್ ಕಿಡ್ನಿ ಕೆಡಿಸುತ್ತದೆ’ ಎಂಬ ಮಾತು ಊರೆಲ್ಲ ಇದೆ. ಅದು ಕೆಡಿಸುವುದಿಲ್ಲ. ಮೂತ್ರಪಿಂಡ ಬೇರೆ ಕಾರಣಕ್ಕೆ ಕೆಟ್ಟಾಗ ಔಷಧಿ ಹೊರಹೋಗದೆ ಮೈಯಲ್ಲಿ ಕೂಡಿಕೊಳ್ಳುತ್ತದೆ, ಅದಕ್ಕಾಗಿ ನಿಲ್ಲಿಸುವುದು.

ಶುಗರ್

ಮೆಟ್‌ಫಾರ್ಮಿನ್ ಹೊಟ್ಟೆ ಕೆಡಿಸಿತು ಎಂದು ಬಿಟ್ಟವರು ಬಹಳ. 500 ಮಿ.ಗ್ರಾಂ ದಿನಕ್ಕೊಂದು, ಊಟದ ನಡುವೆ ಅಥವಾ ಊಟವಾದ ಕೂಡಲೇ ಶುರು ಮಾಡಿ, ವಾರಕ್ಕೊಂದು ಮೆಟ್ಟಿಲಿನಂತೆ ಏರಿಸಿದರೆ ಹೊಟ್ಟೆ ಹೊಂದಿಕೊಳ್ಳುತ್ತದೆ. ಮೊದಲ ದಿನವೇ 1000 ಎರಡು ಸಲ ಕೊಟ್ಟರೆ ಭೇದಿ ಆಗದೆ ಇನ್ನೇನು? ನಿಧಾನವಾಗಿ ಕರಗುವ ಮಾತ್ರೆಯ ಹೊರಕವಚ ಮಲದಲ್ಲಿ ಇಡಿಯಾಗಿ ಕಾಣುವುದುಂಟು. ಔಷಧಿ ಹಾಗೇ ಹೊರಬಂತು ಎಂದು ಗಾಬರಿ ಬೇಡ, ಒಳಗಿನದು ಸೇರಿ ಆಗಿರುತ್ತದೆ. ಆ ಮಾತ್ರೆಯನ್ನು ಮುರಿದು, ಅರೆದು ತಿನ್ನಬಾರದು. ನಾಲ್ಕೈದು ವರ್ಷ ತಿಂದವರು ಬಿ12 ಒಮ್ಮೆ ನೋಡಿಸಿ. ಪಾದ ಜುಮ್ಮೆನ್ನುವುದೆಲ್ಲ ಶುಗರ್‌ನಿಂದಲೇ ಆಗಿರಬೇಕೆಂದಿಲ್ಲ.

ಗ್ಲಿಮೆಪಿರೈಡ್ ಬಗ್ಗೆ ಇಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು. ಅದು ಊಟ ಬಂತೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಕಾಫಿ ಕೊಯ್ಲಿನ ತಿಂಗಳಲ್ಲಿ ಬೆಳಿಗ್ಗೆ ಮಾತ್ರೆ ನುಂಗಿ, ಅರೆಹೊಟ್ಟೆ ತಿಂಡಿ ತಿಂದು, ಇಳಿಜಾರಿನಲ್ಲಿ ಚೀಲ ಹೊತ್ತು, ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ಎರಡೂವರೆ ಗಂಟೆಯಾದರೆ ಶುಗರ್ ಲೋ ಆಗುವುದು ಅಲ್ಲೇ. ಬೆವರು, ಕೈ ನಡುಕ, ಎದೆ ಬಡಿತ, ಸಿಟ್ಟು, ಮಾತು ತಪ್ಪುವುದು. ಜೊತೆಯವರು ‘ಕುಡಿದಿದ್ದಾನೆ’ ಎಂದು ಬಿಟ್ಟು ಹೋಗುವ ಅಪಾಯವಿದೆ. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಮೀಟರೇ ಇಲ್ಲದೆ ಲಕ್ಷಣ ಕಂಡರೆ, ಮೂರು ಟೀ ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಕಲಸಿ ಕುಡಿಸಿ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಆಮೇಲೆ ಅನ್ನವೋ ರೊಟ್ಟಿಯೋ ತಿನ್ನಿಸಿ, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಗ್ಲಿಮೆಪಿರೈಡ್‌ನಿಂದ ಆದ ಲೋ ಶುಗರ್ ಒಮ್ಮೆ ಸರಿಹೋದ ಮೇಲೂ ಆ ದಿನವೆಲ್ಲ ಮರುಕಳಿಸಬಹುದು, ಒಬ್ಬರೇ ಬಿಟ್ಟಿರಬಾರದು. ಊಟದ ಹೊತ್ತಿಗೆ ಖಾತ್ರಿ ಇಲ್ಲದವರಿಗೆ, ಮೂತ್ರಪಿಂಡ ಸೋತ ಹಿರಿಯರಿಗೆ ಈ ಮಾತ್ರೆಯ ಬದಲು ಬೇರೆ ಕೇಳಬಹುದು. ವಿಲ್ಡಾಗ್ಲಿಪ್ಟಿನ್, ಸಿಟಾಗ್ಲಿಪ್ಟಿನ್, ಡಪಾಗ್ಲಿಫ್ಲೋಜಿನ್ ಮೊದಲು ದುಬಾರಿಯಾಗಿದ್ದವು. ಒಂದೊಂದರದೇ ಪೇಟೆಂಟ್ 2019ರಿಂದ 2022ರ ನಡುವೆ ಮುಗಿದ ಮೇಲೆ ಬೆಲೆ ಬಹಳ ಇಳಿದಿದೆ. ಐದು ವರ್ಷದ ಹಿಂದೆ ‘ಕೈಗೆಟುಕದು’ ಎಂದು ಬಿಟ್ಟಿದ್ದರೆ ಈಗ ಮತ್ತೆ ವಿಚಾರಿಸಿ.

ಎಚ್‌ಬಿಎ1ಸಿ ಮೂರು ತಿಂಗಳ ಸರಾಸರಿ ಹೇಳುತ್ತದೆ, ಆದ್ದರಿಂದ ಒಂದು ತಿಂಗಳಿಗೇ ಮತ್ತೆ ಮಾಡಿಸಿದರೆ ದುಡ್ಡು ದಂಡ. ಹೆಚ್ಚಿನವರಿಗೆ 7ರ ಒಳಗೆ, ಬಹಳ ವಯಸ್ಸಾದವರಿಗೆ, ಲೋ ಶುಗರ್ ಆಗುವವರಿಗೆ 8ರವರೆಗೂ ನಡೆಯುತ್ತದೆ. ರಕ್ತಹೀನತೆ ಇದ್ದರೆ ಈ ಅಂಕಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಕಬ್ಬಿಣದ ಕೊರತೆಯಿದ್ದರೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ರಕ್ತಸ್ರಾವವಾದವರಲ್ಲಿ ಕಡಿಮೆ ತೋರಿಸಬಹುದು. ಮೀಟರಿನ ಅಂಕಿಗೂ ಇದಕ್ಕೂ ತಾಳೆಯಾಗದಿದ್ದರೆ ಹಿಮೋಗ್ಲೋಬಿನ್ ನೋಡಿಸಿ.

ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಇನ್ಸುಲಿನ್ ಸೀಸೆಯನ್ನು ಕೈಗೆತ್ತಿಕೊಂಡು ಲೇಬಲ್ ಓದಿ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಡ್ಜ್ ಒಂದು ಮಿ.ಲೀ.ಗೆ 100 ಯೂನಿಟ್. ಸಿರಿಂಜು ಕೂಡ ಎರಡು ಬಗೆ: ಕೆಂಪು ಮುಚ್ಚಳದ್ದು 40ರ ಸೀಸೆಗೆ, ಕಿತ್ತಳೆ ಮುಚ್ಚಳದ್ದು 100ರದ್ದಕ್ಕೆ. ಅಂಗಡಿಯಲ್ಲಿ ಕೆಂಪು ಮುಗಿದಿದೆ ಎಂದು ಕಿತ್ತಳೆಯದನ್ನು ತಂದು, 40ರ ಸೀಸೆಯಿಂದ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 8 ಯೂನಿಟ್ ಮಾತ್ರ. ಶುಗರ್ 300 ದಾಟುತ್ತದೆ, ಡಾಕ್ಟರು ಡೋಸ್ ಏರಿಸುತ್ತಾರೆ, ಮುಂದಿನ ತಿಂಗಳು ಸರಿಯಾದ ಸಿರಿಂಜು ಸಿಕ್ಕಿದ ದಿನ ಶುಗರ್ ಕುಸಿಯುತ್ತದೆ. ಉಲ್ಟಾ ತಪ್ಪು ಇನ್ನೂ ಭೀಕರ. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 20ರವರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ಪೆನ್ನಿನ ಕಾರ್ಟ್ರಿಡ್ಜಿನಿಂದ ಸಿರಿಂಜಿಗೆ ಎಂದೂ ಎಳೆಯಬೇಡಿ. ಮನೆಯಲ್ಲಿ ಚುಚ್ಚುವವರು ಯಾರೇ ಇರಲಿ, ಸೀಸೆಯ ಅಂಕಿ ಮತ್ತು ಸಿರಿಂಜಿನ ಅಂಕಿ ಎರಡನ್ನೂ ಬಾಯಿಬಿಟ್ಟು ಓದಿಯೇ ಎಳೆಯಲಿ.

ಎರಡು ಬಗೆ ಬೆರೆಸಿದ, ಮಂದವಾಗಿ ಕಾಣುವ 30/70 ಇನ್ಸುಲಿನ್ನನ್ನು ಅಂಗೈಗಳ ನಡುವೆ ಮೆಲ್ಲಗೆ ಹತ್ತಿಪ್ಪತ್ತು ಸಲ ಉರುಳಿಸಬೇಕು, ಕುಲುಕಬಾರದು. ಉರುಳಿಸದೆ ಎಳೆದರೆ ಒಂದು ದಿನ ಬರಿ ತಿಳಿ, ಇನ್ನೊಂದು ದಿನ ಬರಿ ಗಸಿ. ಒಂದೇ ಜಾಗಕ್ಕೆ ಚುಚ್ಚುತ್ತಾ ಹೋದರೆ ಅಲ್ಲಿ ಗಂಟು ಕಟ್ಟುತ್ತದೆ. ಗಂಟಿನಲ್ಲಿ ನೋವಿಲ್ಲವೆಂದು ಜನ ಅಲ್ಲೇ ಚುಚ್ಚುತ್ತಾರೆ, ಆದರೆ ಅಲ್ಲಿಂದ ಔಷಧಿ ಸರಿಯಾಗಿ ಹೀರಿಕೆಯಾಗುವುದಿಲ್ಲ. ತೆರೆಯದ ಸೀಸೆ ಫ್ರಿಜ್ಜಿನ ಬಾಗಿಲ ಬಳಿ, 2ರಿಂದ 8 ಡಿಗ್ರಿಯಲ್ಲಿರಲಿ. ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ತೆರೆದದ್ದು ತಂಪಾದ ಕೋಣೆಯಲ್ಲಿ ಸುಮಾರು 28 ದಿನ ಇರುತ್ತದೆ, ತೆರೆದ ತಾರೀಕನ್ನು ಸೀಸೆಯ ಮೇಲೆ ಬರೆಯಿರಿ. ಮೂಡಿಗೆರೆ, ಕಳಸದ ಕಡೆ ಮಳೆಗಾಲದಲ್ಲಿ ಕರೆಂಟು ಎರಡು ಮೂರು ದಿನ ಹೋದರೂ ಅಲ್ಲಿನ ಚಳಿಗೆ ಇನ್ಸುಲಿನ್ ಕೆಡುವುದಿಲ್ಲ. ಕಡೂರು, ತರೀಕೆರೆಯ ಏಪ್ರಿಲ್ ಬಿಸಿಲಿಗೆ ಹಾಗಲ್ಲ. ಅಲ್ಲಿ ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯೊಳಗೆ ಇನ್ನೊಂದು ಚಿಕ್ಕ ಮಡಕೆ ಇಟ್ಟು ಅದರಲ್ಲಿ ಇಡಬಹುದು.

ಥೈರಾಯ್ಡ್ ಮಾತ್ರೆ ಮತ್ತು ಬೆಳಗಿನ ಕಾಫಿ

ಈ ಜಿಲ್ಲೆಯಲ್ಲಿ ಈ ಮಾತನ್ನು ಒತ್ತಿ ಹೇಳಲೇಬೇಕು. ಲೆವೋಥೈರಾಕ್ಸಿನ್ ಮಾತ್ರೆಯ ಜೊತೆಗೇ ಕಾಫಿ ಕುಡಿದರೆ ಕರುಳು ಅದನ್ನು ಪೂರ್ತಿ ಹೀರುವುದಿಲ್ಲ. ಇಟಲಿಯ ಸಂಶೋಧಕರು 2008ರಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. ಡೋಸ್ ಏರಿಸಿದರೂ ಥೈರಾಯ್ಡಿನ ರಕ್ತ ಪರೀಕ್ಷೆಯ ಅಂಕಿಯಾದ ಟಿಎಸ್‌ಎಚ್ ಇಳಿಯದಿರುವಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಮಾತ್ರೆ ಆದ ಎಷ್ಟು ಹೊತ್ತಿಗೆ ಕಾಫಿ?’ ಎಂಬುದು. ಎದ್ದ ಕೂಡಲೇ ಬರಿ ನೀರಿನಲ್ಲಿ ಮಾತ್ರೆ, ಒಂದು ಗಂಟೆ ಬಿಟ್ಟು ಕಾಫಿ. ಕನಿಷ್ಠ ಅರ್ಧ ಗಂಟೆಯಾದರೂ ಬಿಡಲೇಬೇಕು. ಹಾಲು ಕರೆಯುವುದು, ಒಲೆ ಹಚ್ಚುವುದು, ಬಾಗಿಲಿಗೆ ನೀರು ಹಾಕುವುದು ಎಂದು ಬೆಳಿಗ್ಗೆ ಪುರುಸೊತ್ತೇ ಇಲ್ಲದ ಹೆಂಗಸರಿಗೆ ಆ ಮೊದಲ ಲೋಟ ಬಿಡುವುದು ಕಷ್ಟ, ನಿಜ. ಅಂಥವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವಾಗ ತೆಗೆದುಕೊಳ್ಳಬಹುದು. ಆದರೆ ಒಂದು ಹೊತ್ತನ್ನು ಹಿಡಿದರೆ ಅದನ್ನೇ ಹಿಡಿಯಬೇಕು.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ ಇದರಿಂದ ನಾಲ್ಕು ಗಂಟೆ ದೂರವಿರಲಿ. ಗರ್ಭಿಣಿಯರು ಮೂರನ್ನೂ ಒಟ್ಟಿಗೆ ನುಂಗಿಬಿಡುವುದು ಬಹಳ ಕಡೆ ನಡೆಯುತ್ತದೆ, ಆಶಾ ಕಾರ್ಯಕರ್ತೆಯರು ದಯವಿಟ್ಟು ಇದನ್ನು ಬಿಡಿಸಿ ಹೇಳಿ. ಹೀಗೆ ಹಂಚಬಹುದು: ಏಳುವಾಗ ಥೈರಾಯ್ಡ್, ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ, ರಾತ್ರಿ ಕಬ್ಬಿಣ. ಕಬ್ಬಿಣದ ಆಚೆ ಈಚೆಯೂ ಒಂದೆರಡು ಗಂಟೆ ಕಾಫಿ, ಟೀ ಬೇಡ, ನಿಂಬೆಹಣ್ಣಿನ ರಸ ಒಳ್ಳೆಯದು. ಮಲ ಕಪ್ಪಾಗುವುದು ಕಬ್ಬಿಣದ ಬಣ್ಣ. ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ ಏರದಿದ್ದರೆ ಮಾತ್ರೆ ನಿಜಕ್ಕೂ ಹೊಟ್ಟೆ ಸೇರುತ್ತಿದೆಯೇ, ರಕ್ತ ಬೇರೆಲ್ಲಾದರೂ ಹೋಗುತ್ತಿದೆಯೇ ಎಂದು ಹುಡುಕಬೇಕು.

ಥೈರಾಕ್ಸಿನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಏಳು ದಿನ ತೆಗೆದುಕೊಳ್ಳುತ್ತದೆ. ಹಾಗಾಗಿ ಡೋಸ್ ಬದಲಿಸಿದ ಆರರಿಂದ ಎಂಟು ವಾರಕ್ಕೆ ಮುಂಚೆ ಟಿಎಸ್‌ಎಚ್ ಮಾಡಿಸಿದರೆ ಅರ್ಥವಿಲ್ಲದ ಅಂಕಿ ಬರುತ್ತದೆ. ಹೃದ್ರೋಗವಿರುವವರಿಗೆ, ವಯಸ್ಸಾದವರಿಗೆ 25 ಮೈಕ್ರೋಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಶುರು. ಹೆಚ್ಚಾದರೆ ಎದೆ ಬಡಿತ ಏರುಪೇರಾಗುತ್ತದೆ, ಮೂಳೆ ಸವೆಯುತ್ತದೆ. ಗರ್ಭ ನಿಂತದ್ದು ತಿಳಿದ ದಿನವೇ ಡಾಕ್ಟರಿಗೆ ಫೋನು ಮಾಡಿ. ಆಗ ಡೋಸ್ ಶೇಕಡಾ 25ರಿಂದ 30ರಷ್ಟು ಏರಿಸಬೇಕಾಗುತ್ತದೆ, ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಬೇಕಾಗುತ್ತದೆ. ಇನ್ನು, 100 ಮಾತ್ರೆಯ ಡಬ್ಬಿಯನ್ನು ಅಡುಗೆಮನೆಯ ಕಿಟಕಿಯ ಮೇಲಿಟ್ಟು, ಮುಚ್ಚಳ ಸಡಿಲ ಬಿಟ್ಟರೆ ನಮ್ಮ ಆಷಾಢದ ತೇವಕ್ಕೆ ಮಾತ್ರೆ ಸತ್ವ ಕಳೆದುಕೊಳ್ಳುತ್ತದೆ. ಡಬ್ಬಿಯೊಳಗಿನ ಸಿಲಿಕಾ ಪೊಟ್ಟಣ ಎಸೆಯಬೇಡಿ. ವಾರದ ಡಬ್ಬಿಗೆ ಮಾತ್ರೆ ತುಂಬುವವರು ಮಳೆಗಾಲದಲ್ಲಿ ಸ್ಟ್ರಿಪ್ಪನ್ನು ಕತ್ತರಿಸಿ, ಬಿಡಿಸದೇ ಹಾಕಿ.

ಇನ್ನು ಕೆಲವು, ಬೇಗ ಬೇಗ

ಗ್ಯಾಸ್ಟ್ರಿಕ್ ಮಾತ್ರೆ ಎನ್ನುವ ಪ್ಯಾಂಟೊಪ್ರಜೋಲ್ ತಿಂಡಿಗೆ ಅರ್ಧ ಗಂಟೆ ಮುಂಚೆ. ಹೆಚ್ಚಿನವರಿಗೆ ನಾಲ್ಕರಿಂದ ಎಂಟು ವಾರ ಸಾಕು. ನಿಲ್ಲಿಸಿದ ಮೊದಲ ವಾರ ಹುಳಿತೇಗು ಹೆಚ್ಚಾಗುವುದು ಮಾತ್ರೆ ಬೇಕೇಬೇಕೆಂಬ ಗುರುತಲ್ಲ. ಇಷ್ಟು ದಿನ ತಡೆದಿದ್ದರಿಂದ ಹೊಟ್ಟೆ ಸ್ವಲ್ಪ ಕಾಲ ಮೊದಲಿಗಿಂತ ಹೆಚ್ಚು ಆಮ್ಲ ಸುರಿಸುತ್ತದೆ, ಕ್ರಮೇಣ ತಗ್ಗುತ್ತದೆ. ಹೃದಯಕ್ಕೆ ಎರಡು ಬಗೆಯ ರಕ್ತ ತೆಳುಮಾಡುವ ಮಾತ್ರೆ ತಿನ್ನುವವರು ಮಾತ್ರ ಇದನ್ನು ತಾವಾಗಿ ಬಿಡಬಾರದು.

ಆಸ್ತಮಾಕ್ಕೆ ನೀಲಿ ಪಂಪು (ಸಾಲ್ಬುಟಮಾಲ್) ಒಂದನ್ನೇ ನೆಚ್ಚಿಕೊಳ್ಳಬಾರದು ಎಂದು ಜಾಗತಿಕ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಅದು ನಾಳವನ್ನು ಅಗಲಿಸುತ್ತದೆ, ಒಳಗಿನ ಊತ ಹಾಗೇ ಉಳಿಯುತ್ತದೆ. ಊತಕ್ಕೆ ಬೇಕಾದದ್ದು ಬ್ಯುಡೆಸೊನೈಡ್‌ನಂಥ ಸ್ಟಿರಾಯ್ಡ್ ಪಂಪು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಲ್ಲಿ ಬೂಷ್ಟು ಬೆಳೆಯುವುದಿಲ್ಲ. ಪಂಪನ್ನು ನಿಧಾನವಾಗಿ ಆಳಕ್ಕೆ ಎಳೆಯಬೇಕು, ಪುಡಿಯ ಕ್ಯಾಪ್ಸೂಲನ್ನು ಜೋರಾಗಿ. ಎರಡರಲ್ಲೂ ಹತ್ತು ಸೆಕೆಂಡು ಉಸಿರು ಹಿಡಿಯಿರಿ. ಆ ಕ್ಯಾಪ್ಸೂಲನ್ನು ನೀರಿನಲ್ಲಿ ನುಂಗುವವರು ಈಗಲೂ ಇದ್ದಾರೆ, ಅಂಗಡಿಯವರು ಒಮ್ಮೆ ಮಾಡಿ ತೋರಿಸಿ.

ಹೃದಯದ ಕವಾಟ ಬದಲಿಸಿದವರು ಅಸೆನೋಕುಮರಾಲ್ ಅಥವಾ ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆಗಳಿವು. ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ಹೇಳುವ ಅಂಕಿ ಐಎನ್‌ಆರ್. ಎಷ್ಟಿರಬೇಕೆಂಬುದು ಕವಾಟದ ಬಗೆಯ ಮೇಲೆ ಹೋಗುತ್ತದೆ, ಬಹಳ ಜನರಿಗೆ 2ರಿಂದ 3, ಎಡಗಡೆಯ ಮೈಟ್ರಲ್ ಜಾಗದಲ್ಲಿ ಲೋಹದ ಕವಾಟವಿದ್ದರೆ 2.5ರಿಂದ 3.5. ‘ಸೊಪ್ಪು ತಿನ್ನಲೇಬೇಡಿ’ ಎನ್ನುವುದು ತಪ್ಪು ಸಲಹೆ. ವಾರಕ್ಕೆ ಎರಡು ಸಲ ಬಸ್ಸಾರು ತಿನ್ನುವವರು ಹಾಗೇ ತಿನ್ನಲಿ, ಮಾತ್ರೆಯನ್ನು ಆ ಊಟಕ್ಕೆ ಹೊಂದಿಸಿ ಕೊಡಬಹುದು. ಸೊಪ್ಪಿನ ಕಾಲದಲ್ಲಿ ದಿನಾ ತಿಂದು ಆಮೇಲೆ ಪೂರ್ತಿ ಬಿಟ್ಟರೆ ಅಂಕಿ ಏರಿಳಿಯುತ್ತದೆ. ಭೇದಿಗೆ ಮೆಟ್ರೊನಿಡಜೋಲ್, ಹುಳುಕಡ್ಡಿಗೆ ಫ್ಲುಕೊನಜೋಲ್ ತಿಂದರೆ ಐಎನ್‌ಆರ್ ಕೆಲವೇ ದಿನದಲ್ಲಿ ಅಪಾಯಕ್ಕೆ ಏರುತ್ತದೆ. ಹೊಸ ಮಾತ್ರೆ ಯಾವುದೇ ಶುರುವಾದರೂ ಮೂರರಿಂದ ಐದು ದಿನಕ್ಕೆ ಐಎನ್‌ಆರ್ ಮಾಡಿಸಿ.

ಜ್ವರ, ವಾಂತಿ, ಭೇದಿ ಬಂದ ದಿನ

ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಭಯ, ಮಳೆ ಶುರುವಾದರೆ ಡೆಂಗಿ. ಎರಡರಲ್ಲೂ ರಕ್ತಸ್ರಾವ ಆಗಬಹುದು. ಆದ್ದರಿಂದ ಏನೆಂದು ಗೊತ್ತಾಗುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಬೇಡ. ದೊಡ್ಡವರಿಗೆ 500ರಿಂದ 650 ಮಿ.ಗ್ರಾಂ, ಆರು ಗಂಟೆಗೊಮ್ಮೆ. ನೆಗಡಿ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಸ್ಟ್ರಿಪ್ಪಿನ ಹಿಂದೆ ಬ್ರ್ಯಾಂಡ್ ಹೆಸರಿನ ಕೆಳಗಿರುವ ಸಣ್ಣ ಅಕ್ಷರ ಓದಿ ಎರಡನ್ನೂ ಒಟ್ಟಿಗೆ ತಿನ್ನದಿರಿ. ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತಿನ್ನುವವರು ಜ್ವರ ಬಂತೆಂದು ತಾವೇ ನಿಲ್ಲಿಸಬಾರದು, ತಾವೇ ಮುಂದುವರಿಸಲೂಬಾರದು. ಅಂದೇ ಪ್ಲೇಟ್‌ಲೆಟ್ ಎಣಿಸಿ ಡಾಕ್ಟರನ್ನು ಕೇಳಬೇಕು.

ವಾಂತಿ ಭೇದಿಯಾಗಿ ನೀರೂ ನಿಲ್ಲದಿದ್ದಾಗ ಮೈಯಲ್ಲಿ ನೀರು ಬತ್ತಿರುತ್ತದೆ. ಅಂಥ ದಿನ ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್, ಟೆಲ್ಮಿಸಾರ್ಟನ್ ಗುಂಪಿನವು, ಮೂತ್ರ ಹೋಗಿಸುವ ಮಾತ್ರೆ, ಇವುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ, ಫೋನಿನಲ್ಲಾದರೂ ಡಾಕ್ಟರನ್ನು ವಿಚಾರಿಸಿ. ಡಪಾಗ್ಲಿಫ್ಲೋಜಿನ್ ತಿನ್ನುವವರಿಗೆ ಶುಗರ್ ಬರಿ 180 ಇದ್ದಾಗಲೂ ರಕ್ತ ಆಮ್ಲವಾಗಿ ಉಸಿರು ಏರಬಹುದು. ‘ಶುಗರ್ ಚೆನ್ನಾಗಿದೆಯಲ್ಲ’ ಎಂದು ಕಾಯಬಾರದು. ಇನ್ಸುಲಿನ್ ಮಾತ್ರ ಪೂರ್ತಿ ನಿಲ್ಲಿಸುವ ಹಾಗಿಲ್ಲ, ಊಟ ಸೇರದಿದ್ದರೂ. ಡೋಸ್ ಎಷ್ಟು ತಗ್ಗಿಸಬೇಕೆಂದು ಮೀಟರ್ ನೋಡಿ ಕೇಳಿಕೊಳ್ಳಿ.

ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡಲು ಮರೆಯುವವರೇ ಹೆಚ್ಚು. ಊಟ, ನೀರು ಸರಿಯಾಗಿ ಸೇರಲು ಶುರುವಾಗಿ ಒಂದೆರಡು ದಿನ ಕಳೆದ ಮೇಲೆ ಮೊದಲಿನ ಡೋಸಿಗೇ ಮರಳಬೇಕು. ಯಾವ ಮಾತ್ರೆ ಯಾವ ದಿನ ನಿಲ್ಲಿಸಿದಿರಿ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿನ ಕೆಳಗೇ ಬರೆಯಿರಿ, ಮತ್ತೆ ಶುರು ಮಾಡಿದ ದಿನ ಅದರ ಮೇಲೆ ಗೆರೆ ಎಳೆಯಿರಿ.